ಹೆದ್ದಾರಿಗೂ ಒಂದು ಜಮಾಬಂದಿ ಬೇಕು

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನನ್ನ ಪರಿಚಯ ಮಾಡಿಕೊಡುವಾಗ ‘ಬೆಂಗಳೂರಿನ ದೊಡ್ಡ ಸಾಫ್ಟ್‌ವೇರ್ ಇಂಜಿನಿಯರ್’ ಅಂದರು. ದೊಡ್ಡ ಅನ್ನುವುದನ್ನು ಬಿಟ್ಟುಬಿಡಿ. 2005ರಲ್ಲಿ ಇದೇ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದೆ, ಆಮೇಲೆ ಬಿ.ಇ. ಮಾಡಿದೆ, ಈಗ ಕಂಪ್ಯೂಟರ್ ಮುಂದೆ ಕೂತು ಲೆಕ್ಕ ಬರೆಯುತ್ತೇನೆ. ಅಷ್ಟೇ. ಗಣಿತದ ಮೇಷ್ಟ್ರು ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಉತ್ತರ ಸರಿಯಿದ್ದರೂ ಹಂತಗಳನ್ನು ಬರೆಯದಿದ್ದರೆ ಅವರು ಅಂಕ ಕೊಡುತ್ತಿರಲಿಲ್ಲ. ಇವತ್ತು ನಾನು ಹೇಳಲು ಬಂದಿರುವುದೂ ಅದೇ ಮಾತು. ಸರ್ಕಾರ ರಸ್ತೆ ಸುರಕ್ಷತೆಗೆ ಕೆಲಸ ಮಾಡುತ್ತಿದೆ ಅಂತ ನಾವು ಕೇಳುತ್ತೇವೆ. ಇರಬಹುದು. ಆದರೆ ಹಂತಗಳನ್ನು ಬರೆದು ತೋರಿಸಿ ಅಂತ ಕೇಳುವ ಹಕ್ಕು ನಮಗಿದೆ.

ಇಂಥ ಸಮಾರಂಭದಲ್ಲಿ ಈ ವಿಷಯ ಯಾಕೆ ಎಂದು ಸಂಘಟಕರು ಮೊದಲು ಹಿಂಜರಿದರು. ನಮ್ಮ ಶಾಲೆಯ ಗೇಟಿನಿಂದ ಹೆದ್ದಾರಿಗೆ ಎಷ್ಟು ದೂರ ಎಂದು ನಾನು ತಿರುಗಿ ಕೇಳಿದೆ. ಅವರು ನಕ್ಕು ಒಪ್ಪಿಕೊಂಡರು.

ನಾನು ಎಂಟನೇ ತರಗತಿಯಲ್ಲಿದ್ದಾಗ ರಸ್ತೆ ಸುರಕ್ಷತಾ ಸಪ್ತಾಹ ಬಂತು. ಜಾಥಾ ಹೊರಟೆವು, ಘೋಷಣೆ ಕೂಗಿದೆವು. ‘ರಸ್ತೆ ಸುರಕ್ಷತೆಯಲ್ಲಿ ವಿದ್ಯಾರ್ಥಿಗಳ ಪಾತ್ರ’ ಎಂಬ ಪ್ರಬಂಧ ಸ್ಪರ್ಧೆಯಲ್ಲಿ ನನಗೆ ಎರಡನೇ ಬಹುಮಾನ ಬಂತು, ಒಂದು ಸ್ಟೀಲ್ ಲೋಟ. ಎಡಗಡೆ ನಡೆಯಿರಿ, ಆಚೆ ಈಚೆ ನೋಡಿ ದಾಟಿರಿ, ಸೈಕಲ್ಲಿಗೆ ಬೆಲ್ ಇರಲಿ ಅಂತ ಬರೆದಿದ್ದೆ. ಎಲ್ಲಾ ಬುದ್ಧಿಮಾತು ನಮಗೇ. ರಸ್ತೆ ಹೇಗಿರಬೇಕು, ಅದನ್ನು ಸರಿಯಾಗಿ ಇಡಬೇಕಾದವರು ಯಾರು, ಅವರು ಇಟ್ಟಿದ್ದಾರಾ ಇಲ್ಲವಾ ಎಂದು ಯಾರಿಗೆ ವರದಿ ಕೊಡಬೇಕು ಎಂಬ ಒಂದು ವಾಕ್ಯವೂ ಅದರಲ್ಲಿ ಇರಲಿಲ್ಲ. ನಮಗೆ ಯಾರೂ ಹೇಳಿಕೊಟ್ಟೂ ಇರಲಿಲ್ಲ.

ಮರುವರ್ಷ, ಒಂಬತ್ತನೇ ತರಗತಿಯಲ್ಲಿ, ನನ್ನ ಬೆಂಚಿನ ಹುಡುಗ ತೀರಿಕೊಂಡ. ಅವನ ಹೆಸರು ಹೇಳುವುದಿಲ್ಲ. ಅವನ ತಾಯಿ ಇಲ್ಲೇ ಕೂತಿದ್ದಾರೆ. ನಿನ್ನೆ ಸಂಜೆ ಅವರ ಮನೆಗೆ ಹೋಗಿ, ‘ಅವ್ವಾ, ಈ ಮಾತು ಹೇಳಲಾ?’ ಅಂತ ಕೇಳಿದೆ. ‘ಹೇಳು ಮಗ, ಇಷ್ಟು ವರ್ಷ ಯಾರೂ ಹೇಳಲಿಲ್ಲ’ ಅಂದರು. ಅದಕ್ಕೇ ಹೇಳುತ್ತಿದ್ದೇನೆ.

ರಾಗಿ ಕೊಯ್ಲಿನ ಕಾಲ. ಸ್ಪೆಷಲ್ ಕ್ಲಾಸ್ ಮುಗಿಸಿ ಹೊರಟಾಗ ಮಸುಕು ಬೆಳಕು. ಅವನು ಸೈಕಲ್ಲಿನಲ್ಲಿದ್ದ. ರಸ್ತೆಯ ಎಡಬದಿಗೆ ಉದ್ದಕ್ಕೂ ರಾಗಿ ತೆನೆ ಹರಡಿತ್ತು, ವಾಹನಗಳ ಚಕ್ರಕ್ಕೆ ಸಿಕ್ಕಿ ಒಕ್ಕಣೆಯಾಗಲಿ ಎಂದು. ಅದರ ಮೇಲೆ ಸೈಕಲ್ ಜಾರುತ್ತದೆಂದು ಅವನು ರಸ್ತೆಯ ನಡುವಿಗೆ ತಿರುಗಿದ. ಹಿಂದಿನಿಂದ ಲಾರಿ ಬಂತು. ಅಲ್ಲಿ ದೀಪವಿರಲಿಲ್ಲ. ಶಾಲೆ ಇದೆ ಎಂದು ಹೇಳುವ ಫಲಕವಿರಲಿಲ್ಲ. ಟಾರಿನ ಅಂಚಿನಿಂದ ಮಣ್ಣಿನ ದಾರಿಗೆ ಇಳಿಯಲು ಅರ್ಧ ಅಡಿ ಜಗುಲಿ ಇತ್ತು, ಸೈಕಲ್ ಇಳಿಸುವಂತಿರಲಿಲ್ಲ.

ಪೊಲೀಸ್ ಕಾಗದದಲ್ಲಿ ಏನು ಬರೆದಿದ್ದರು ಗೊತ್ತೇ? ‘ಲಾರಿ ಚಾಲಕನ ಅತಿವೇಗ ಮತ್ತು ಅಜಾಗರೂಕತೆ’. ಅದು ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ರಾಗಿ ತೆನೆ ಅದರಲ್ಲಿ ಇಲ್ಲ. ಕತ್ತಲು ಇಲ್ಲ. ಅರ್ಧ ಅಡಿ ಜಗುಲಿ ಇಲ್ಲ. ಇಲ್ಲದ ಫಲಕ ಇಲ್ಲ. ಬರೆಯದೇ ಹೋದದ್ದನ್ನು ಯಾರೂ ಸರಿಪಡಿಸುವುದಿಲ್ಲ. ಅದಾಗಿ ಹತ್ತು ವರ್ಷ ಕಳೆದರೂ ಆ ಜಗುಲಿ ಹಾಗೇ ಇತ್ತು.

ಹಳ್ಳಿಯ ಕಾಗದದಲ್ಲಿ ಹೇಗೋ ದಿಲ್ಲಿಯ ಪುಸ್ತಕದಲ್ಲೂ ಹಾಗೇ. ಕೇಂದ್ರದ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯ ವರ್ಷಕ್ಕೊಮ್ಮೆ ಭಾರತದ ರಸ್ತೆ ಅಪಘಾತಗಳ ವರದಿ ಹೊರತರುತ್ತದೆ. 2022ರ ವರದಿಯ ಪ್ರಕಾರ ಆ ಒಂದು ವರ್ಷ ದೇಶದಲ್ಲಿ 4,61,312 ಅಪಘಾತ, 1,68,491 ಸಾವು. ನಮ್ಮ ರಾಜ್ಯದಲ್ಲೇ 11 ಸಾವಿರಕ್ಕೂ ಹೆಚ್ಚು ಜನ. ಸತ್ತವರಲ್ಲಿ ಸುಮಾರು ಶೇ. 44 ದ್ವಿಚಕ್ರ ವಾಹನದವರು. ದೇಶದ ಒಟ್ಟು ರಸ್ತೆಯ ಉದ್ದದಲ್ಲಿ ರಾಷ್ಟ್ರೀಯ ಹೆದ್ದಾರಿ ನೂರಕ್ಕೆ ಎರಡು ಪಾಲಿನಷ್ಟು ಮಾತ್ರ. ಸಾವಿನಲ್ಲಿ ಅದರ ಪಾಲು ಶೇ. 36. ಇನ್ನು ಕಾರಣದ ಪಟ್ಟಿಗೆ ಹೋದರೆ, ಶೇ. 71ರಷ್ಟು ಸಾವಿಗೆ ಅತಿವೇಗವೇ ಕಾರಣ ಅಂತ ಇದೆ. ಅಂದರೆ ನಮ್ಮ ಠಾಣೆಯ ಆ ಒಂದು ಸಾಲಿನಂಥ ಲಕ್ಷಾಂತರ ಸಾಲುಗಳನ್ನು ಕೂಡಿದರೆ ಬರುವ ಉತ್ತರ ಅದು. ರಸ್ತೆಯ ತಪ್ಪನ್ನು ಕೆಳಗೆ ಬರೆಯದಿದ್ದರೆ ಮೇಲೆ ಕೂಡುವಾಗ ಅದು ಎಲ್ಲಿಂದ ಬರಬೇಕು?

ಆ ವರದಿಯಲ್ಲಿ ರಾಜ್ಯಗಳ ಲೆಕ್ಕ ಇದೆ, ಮಹಾನಗರಗಳ ಲೆಕ್ಕ ಇದೆ. ಬಾಣಾವರದ್ದು, ಜಾವಗಲ್‌ದು, ಹಳೇಬೀಡಿನದು ಇಲ್ಲ. ಅದೂ ಬರುವುದು ತಡವಾಗಿ. 2022ರ ವರದಿ ಹೊರಬಂದದ್ದು 2023ರ ಅಕ್ಟೋಬರ್ ಕೊನೆಗೆ.

ನನ್ನ ಕೆಲಸದ ಒಂದು ಅನುಭವ ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮಗೆ ದತ್ತಾಂಶ ವಿಶ್ಲೇಷಣೆಯ ತರಬೇತಿ ಕೊಟ್ಟರು. ಅಭ್ಯಾಸಕ್ಕೆಂದು ಕೊಟ್ಟ ಕಡತ ಅಮೆರಿಕದ ರಸ್ತೆ ಸಾವುಗಳದು. ಆ ದೇಶದ ಹೆದ್ದಾರಿ ಸುರಕ್ಷತಾ ಸಂಸ್ಥೆ 1975ರಿಂದ ಪ್ರತಿಯೊಂದು ಮಾರಣಾಂತಿಕ ಅಪಘಾತವನ್ನೂ ಒಂದೊಂದು ಸಾಲಾಗಿ ದಾಖಲಿಸಿ, ಸತ್ತವರ ಹೆಸರು ಬಿಟ್ಟು, ಉಳಿದದ್ದನ್ನು ಎಲ್ಲರಿಗೂ ತೆರೆದಿಟ್ಟಿದೆ. ಯಾವ ರಸ್ತೆ, ಎಷ್ಟು ಹೊತ್ತು, ಬೆಳಕಿತ್ತೇ, ಮಳೆಯಿತ್ತೇ, ಎಲ್ಲವೂ ಇದೆ. ಸುರಕ್ಷತೆಗೆಂದು ಕೇಂದ್ರದ ಹಣ ಪಡೆಯುವ ಅಲ್ಲಿನ ರಾಜ್ಯಗಳು, ಯಾವ ಗುರಿ ಇಟ್ಟುಕೊಂಡಿದ್ದೆವು, ಎಷ್ಟು ಮುಟ್ಟಿದೆವು ಎಂದು ವರ್ಷ ವರ್ಷವೂ ವರದಿ ಒಪ್ಪಿಸಬೇಕು. ಆ ವರದಿಯನ್ನು ಯಾರು ಬೇಕಾದರೂ ಓದಬಹುದು.

ಅಮೆರಿಕವನ್ನು ಹೊಗಳಲು ಇದನ್ನು ಹೇಳುತ್ತಿಲ್ಲ. ಅಲ್ಲೂ ವರ್ಷಕ್ಕೆ 40 ಸಾವಿರದ ಆಸುಪಾಸು ಜನ ರಸ್ತೆಯಲ್ಲಿ ಸಾಯುತ್ತಾರೆ. ವರದಿ ಬರೆದ ಮಾತ್ರಕ್ಕೆ ಸಾವು ನಿಲ್ಲುವುದಿಲ್ಲ. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ಕಾಲಿಡದ ಒಂದು ದೇಶದ ಯಾವುದೋ ಊರಿನ ತಿರುವಿನಲ್ಲಿ ಸತ್ತವನ ಬಗ್ಗೆ ಬೆಂಗಳೂರಿನಲ್ಲಿ ಕೂತು ತಿಳಿಯಬಲ್ಲೆ. ನನ್ನ ಬೆಂಚಿನ ಹುಡುಗ ಸತ್ತ ಜಾಗದಲ್ಲಿ ಆಮೇಲೆ ಎಷ್ಟು ಜನ ಬಿದ್ದರು ಎಂದು ನನಗೆ ಗೊತ್ತಿಲ್ಲ.

ಹಾಗಾದರೆ ನಮ್ಮಲ್ಲಿ ಏನೂ ಇಲ್ಲವೇ ಎಂದರೆ, ಇದೆ. ಅದನ್ನು ಎಲ್ಲರೂ ತಿಳಿದಿರಬೇಕು ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಕೊಯಮತ್ತೂರಿನಲ್ಲಿ ಡಾ. ಎಸ್. ರಾಜಶೇಖರನ್ ಎಂಬ ಮೂಳೆ ಶಸ್ತ್ರಚಿಕಿತ್ಸಕರಿದ್ದಾರೆ. ಅಪಘಾತದಲ್ಲಿ ಮುರಿದವರನ್ನು ದಿನವೂ ನೋಡಿ ನೋಡಿ, 2012ರಲ್ಲಿ ಸುಪ್ರೀಂ ಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದರು. 2014ರ ಏಪ್ರಿಲ್‌ನಲ್ಲಿ ನ್ಯಾಯಾಲಯ, ನ್ಯಾಯಮೂರ್ತಿ ಕೆ.ಎಸ್. ರಾಧಾಕೃಷ್ಣನ್ ಅವರ ಅಧ್ಯಕ್ಷತೆಯಲ್ಲಿ ರಸ್ತೆ ಸುರಕ್ಷತಾ ಸಮಿತಿ ರಚಿಸಿತು. ರಾಜ್ಯಗಳು ಏನು ಮಾಡುತ್ತಿವೆ ಎಂದು ಕೇಳಿ ಲೆಕ್ಕ ತೆಗೆದುಕೊಳ್ಳುವುದು ಅದರ ಕೆಲಸ. 2017ರ ನವೆಂಬರ್ 30ರ ತೀರ್ಪಿನಲ್ಲಿ ಪ್ರತಿ ರಾಜ್ಯಕ್ಕೂ ರಸ್ತೆ ಸುರಕ್ಷತೆಯ ಮುಖ್ಯ ಸಂಸ್ಥೆ, ಅದಕ್ಕೆ ಬೇರೆಯೇ ನಿಧಿ, ಪ್ರತಿ ಜಿಲ್ಲೆಗೂ ರಸ್ತೆ ಸುರಕ್ಷತಾ ಸಮಿತಿ, ಅಪಘಾತ ವಲಯಗಳ ಗುರುತು ಮತ್ತು ದುರಸ್ತಿ, ರಸ್ತೆಗಳ ಸುರಕ್ಷತಾ ಆಡಿಟ್ ಇರಲೇಬೇಕು ಎಂದು ನಿರ್ದೇಶನ ಬಂತು.

ಕರ್ನಾಟಕವೂ 2017ರಲ್ಲೇ ರಸ್ತೆ ಸುರಕ್ಷತಾ ಪ್ರಾಧಿಕಾರದ ಕಾಯ್ದೆ ಮಾಡಿತು. ಹೊಸ ಗಾಡಿ ನೋಂದಣಿ ಮಾಡಿಸುವಾಗ ರಸ್ತೆ ಸುರಕ್ಷತೆಯ ಹೆಸರಿನಲ್ಲಿ ಸೆಸ್ ಕಟ್ಟುವುದು ಅದರಿಂದಲೇ. ಇಲ್ಲಿ ಹೊರಗೆ ಸಾಲಾಗಿ ಬೈಕು ನಿಂತಿವೆಯಲ್ಲ, ಅವುಗಳಲ್ಲಿ ಈಚೆಗೆ ಕೊಂಡವರೆಲ್ಲ ಈ ಕಾರ್ಯಕ್ರಮಕ್ಕೆ ದುಡ್ಡು ಕೊಟ್ಟವರೇ. ದುಡ್ಡು ಕೊಟ್ಟವನು ಲೆಕ್ಕ ಕೇಳಿದರೆ ಅದು ಜಗಳವಲ್ಲ.

ಜಿಲ್ಲಾ ಸಮಿತಿಗೆ ಜಿಲ್ಲಾಧಿಕಾರಿಗಳು ಅಧ್ಯಕ್ಷರು. ಪೊಲೀಸ್, ಆರ್‌ಟಿಒ, ಲೋಕೋಪಯೋಗಿ, ಹೆದ್ದಾರಿ, ಆರೋಗ್ಯ, ಎಲ್ಲ ಇಲಾಖೆಯವರೂ ಅದರಲ್ಲಿ ಇರುತ್ತಾರೆ. ಅಪಘಾತ ಆದ ಜಾಗಕ್ಕೆ ಹೋದ ಪೊಲೀಸರು ಮೊಬೈಲಿನಲ್ಲೇ ಸ್ಥಳ, ಫೋಟೊ, ರಸ್ತೆಯ ಸ್ಥಿತಿ ತುಂಬುವ ವ್ಯವಸ್ಥೆಯೂ ಬಂದಿದೆ. ಅದನ್ನು ಮದ್ರಾಸ್ ಐಐಟಿಯವರು ರೂಪಿಸಿದ್ದು. ಮೊದಲು ಪ್ರಯೋಗ ಮಾಡಿದ ಆರು ರಾಜ್ಯಗಳಲ್ಲಿ ನಮ್ಮದೂ ಒಂದು. ಒಳ್ಳೆಯ ಕೆಲಸ. ನನ್ನ ಕಸುಬಿನವನಾಗಿ ಮೆಚ್ಚುತ್ತೇನೆ. ಆದರೆ ಅದರ ಬಾಗಿಲು ತೆರೆಯುವುದು ಲಾಗಿನ್ ಇರುವ ಇಲಾಖೆಗಳಿಗೆ. ಊರಿನವರಿಗಲ್ಲ.

ಇನ್ನೊಂದು ಕಾನೂನು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯ 198ಎ ಕಲಮಿನಂತೆ, ರಸ್ತೆಯ ವಿನ್ಯಾಸ, ನಿರ್ಮಾಣ ಅಥವಾ ನಿರ್ವಹಣೆಯಲ್ಲಿ ನಿಗದಿತ ಮಾನದಂಡ ಪಾಲಿಸದೆ, ಅದರಿಂದ ಸಾವೋ ಅಂಗವೈಕಲ್ಯವೋ ಆದರೆ, ಹೊಣೆಗಾರ ಪ್ರಾಧಿಕಾರ, ಗುತ್ತಿಗೆದಾರ, ಸಲಹೆಗಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಹೆಲ್ಮೆಟ್ ಇಲ್ಲದಿದ್ದರೆ ನಮಗೆ ದಂಡ ಎಂಬುದು ಎಲ್ಲರಿಗೂ ಗೊತ್ತು. ಫಲಕ ಇಲ್ಲದಿದ್ದರೆ ಅವರಿಗೂ ದಂಡ ಇದೆ ಎಂಬುದು ಎಷ್ಟು ಜನಕ್ಕೆ ಗೊತ್ತು?

ಇಷ್ಟೆಲ್ಲ ಇದ್ದ ಮೇಲೆ ನಮ್ಮ ಶಾಲೆ ಮುಂದಿನ ರಸ್ತೆ ಯಾಕೆ ಹಾಗೇ ಇದೆ? ಈ ಪ್ರಶ್ನೆ ಇಟ್ಟುಕೊಂಡು, ಮಹೋತ್ಸವದ ತಯಾರಿಗೆ ಬಂದಿದ್ದಾಗ ನಾನೊಂದು ಕೆಲಸ ಮಾಡಿದೆ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ.

ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ. ಅದೂ ಸಾಮಾನ್ಯವಾಗಿ 150 ಪದ ಮೀರುವಂತಿಲ್ಲ. ಶುಲ್ಕ 10 ರೂಪಾಯಿ. ಕನ್ನಡ ಪಂಡಿತರು ಗದ್ಯಭಾಗ ಕೊಟ್ಟು ಮೂರನೇ ಒಂದು ಭಾಗಕ್ಕೆ ಇಳಿಸಿ ಅಂತ ಸಾರಾಂಶ ಬರೆಸುತ್ತಿದ್ದರಲ್ಲ, ಅದು ಜೀವನದಲ್ಲಿ ಉಪಯೋಗಕ್ಕೆ ಬಂದದ್ದು ಅವತ್ತೇ. ನಾಲ್ಕು ಪ್ರಶ್ನೆ ಕೇಳಿದೆ. ಶಾಲೆಯ ಗೇಟಿನಿಂದ ಎರಡೂ ಕಡೆ ಸೇರಿ 500 ಮೀಟರಿನಲ್ಲಿ ಮೂರು ವರ್ಷದಲ್ಲಿ ಎಷ್ಟು ಅಪಘಾತ? ಇದು ಅಪಘಾತ ವಲಯದ ಪಟ್ಟಿಯಲ್ಲಿ ಇದೆಯೇ? ಜಿಲ್ಲಾ ಸಮಿತಿಯಲ್ಲಿ ಈ ಜಾಗದ ಬಗ್ಗೆ ಏನು ಚರ್ಚೆಯಾಗಿದೆ? ಚರ್ಚೆಯ ಮೇಲೆ ಏನು ಕ್ರಮ ಆಗಿದೆ?

ಮೊದಲ ಕಚೇರಿಯಿಂದ ಪತ್ರ ಬಂತು: ಸದರಿ ರಸ್ತೆ ನಮ್ಮ ವ್ಯಾಪ್ತಿಗೆ ಬರುವುದಿಲ್ಲ. ಕಾನೂನಿನ ಪ್ರಕಾರ ಅವರೇ ಅರ್ಜಿಯನ್ನು ಸಂಬಂಧಪಟ್ಟವರಿಗೆ ಕಳಿಸಬೇಕು, ಕಳಿಸಿದರು. ಎರಡನೇ ಕಚೇರಿಯಿಂದ: ಅಪಘಾತದ ಮಾಹಿತಿ ನಮ್ಮಲ್ಲಿ ಲಭ್ಯವಿರುವುದಿಲ್ಲ. ಮೂವತ್ತು ದಿನ ಹೋಯಿತು. ಮೊದಲ ಮೇಲ್ಮನವಿ ಹಾಕಿದೆ. ಯಾವ ಕಚೇರಿ ಎಂದು ಹೆಸರು ಹೇಳುವುದಿಲ್ಲ. ಅಲ್ಲಿ ನನಗೆ ಸಿಕ್ಕ ಒಬ್ಬ ಗುಮಾಸ್ತರು ಟೀ ತರಿಸಿ ಕೊಟ್ಟು, ಯಾವ ಕಡತ ಕೇಳಬೇಕು ಎಂದು ತಾವೇ ಹೇಳಿಕೊಟ್ಟರು. ತೊಡಕು ಇರುವುದು ಮನುಷ್ಯರಲ್ಲಿ ಮಾತ್ರವಲ್ಲ. ರಾಷ್ಟ್ರೀಯ ಹೆದ್ದಾರಿ ಅಂದರೆ ಎಲ್ಲವೂ ಹೆದ್ದಾರಿ ಪ್ರಾಧಿಕಾರದ್ದಲ್ಲ, ಎಷ್ಟೋ ಕಡೆ ಲೋಕೋಪಯೋಗಿ ಇಲಾಖೆಯ ಹೆದ್ದಾರಿ ವಿಭಾಗ ನೋಡಿಕೊಳ್ಳುತ್ತದೆ. ಮಂಗಳೂರಿನಿಂದ ಚಾರ್ಮಾಡಿ ಹತ್ತಿ, ಮೂಡಿಗೆರೆ, ಬೇಲೂರು, ಹಳೇಬೀಡು, ಜಾವಗಲ್, ಬಾಣಾವರ, ಅರಸೀಕೆರೆ, ತಿಪಟೂರು ದಾಟಿ ತುಮಕೂರು ಸೇರುವ 73ನೇ ಹೆದ್ದಾರಿಯನ್ನೇ ತಗೊಳ್ಳಿ. ಹಳಬರ ಬಾಯಲ್ಲಿ ಅದರ ಒಂದು ತುಂಡು ಇನ್ನೂ 234, ಇನ್ನೊಂದು ತುಂಡು 206. ಹಳದಿ ತಲೆಯ ಕಿಲೋಮೀಟರ್ ಕಲ್ಲು ನೋಡಿದರೆ ರಾಷ್ಟ್ರೀಯ ಹೆದ್ದಾರಿ, ಹಸಿರಾದರೆ ರಾಜ್ಯ ಹೆದ್ದಾರಿ ಎಂದು ತಿಳಿಯುತ್ತದೆ. ಯಾರ ಬಾಗಿಲು ಬಡಿಯಬೇಕು ಎಂದು ಕಲ್ಲು ಹೇಳುವುದಿಲ್ಲ.

ಕೊನೆಗೆ ಎರಡು ಕಾಗದ ಸಿಕ್ಕವು. ಒಂದರಲ್ಲಿ ಅಪಘಾತದ ಲೆಕ್ಕ. ಮೂರು ವರ್ಷದಲ್ಲಿ ಗಂಭೀರವಾದವು ನಾಲ್ಕು.

ಇಲ್ಲಿ ಒಂದು ವಿಷಯ ಗಮನಿಸಿ. ಅಪಘಾತ ವಲಯ, ಅಂದರೆ ಬ್ಲಾಕ್‌ಸ್ಪಾಟ್, ಎಂದರೇನು ಎಂದು ಕೇಂದ್ರ ಸಚಿವಾಲಯ 2015ರ ಅಕ್ಟೋಬರ್‌ನಲ್ಲಿ ವ್ಯಾಖ್ಯೆ ಕೊಟ್ಟಿದೆ. ಹೆದ್ದಾರಿಯ ಸುಮಾರು 500 ಮೀಟರ್ ಉದ್ದದಲ್ಲಿ ಮೂರು ವರ್ಷದಲ್ಲಿ ಸಾವು ಅಥವಾ ಗಂಭೀರ ಗಾಯದ ಐದು ಅಪಘಾತ ಆಗಿರಬೇಕು, ಇಲ್ಲವೇ ಹತ್ತು ಜನ ಸತ್ತಿರಬೇಕು. ನಮ್ಮದು ನಾಲ್ಕು. ಹಾಗಾಗಿ ಪಟ್ಟಿಯಲ್ಲಿ ಇಲ್ಲ. ಮೇಷ್ಟ್ರೇ, ಪರೀಕ್ಷೆಯಲ್ಲಿ ಒಂದು ಅಂಕ ಕಡಿಮೆಯಾದರೆ ನೀವು ಗ್ರೇಸ್ ಮಾರ್ಕ್ಸ್ ಕೊಡಿಸುತ್ತಿದ್ದಿರಿ. ಇಲ್ಲಿ ಆ ಒಂದು ಅಂಕಕ್ಕೆ ನಮ್ಮ ಮಗುವೊಂದು ಬೀಳಬೇಕು. ಆ ಕಾಗದವನ್ನು ಹಿಡಿದುಕೊಂಡು ನಾನು ಬಸ್‌ಸ್ಟ್ಯಾಂಡಿನಲ್ಲಿ ಬಹಳ ಹೊತ್ತು ಕೂತಿದ್ದೆ.

ಎಲ್ಲ ಕಡೆ ಒಮ್ಮೆಗೇ ದುರಸ್ತಿ ಸಾಧ್ಯವಿಲ್ಲ, ಹೆಚ್ಚು ಸಾವಾದ ಕಡೆ ಮೊದಲು ಹೋಗಬೇಕು, ಅದಕ್ಕೊಂದು ಅಳತೆ ಬೇಕು ಎಂಬುದನ್ನು ಇಂಜಿನಿಯರ್ ಆಗಿ ಒಪ್ಪುತ್ತೇನೆ. ಆದರೆ ಪಟ್ಟಿಗೆ ಸೇರದ ಜಾಗಕ್ಕೆ ಫಲಕ, ಬಣ್ಣದ ಪಟ್ಟೆ, ದೀಪ ಬೇಡ ಎಂದು ಆ ವ್ಯಾಖ್ಯೆ ಎಲ್ಲಿಯೂ ಹೇಳಿಲ್ಲ. ನಾವು ಕೇಳುತ್ತಿರುವುದೂ ಅಷ್ಟೇ.

ಎರಡನೇ ಕಾಗದ ಸಭೆಯ ನಡವಳಿ. ಅದನ್ನು ಓದಿ ನಿಜಕ್ಕೂ ಸಂತೋಷಪಟ್ಟೆ, ಯಾಕೆಂದರೆ ನಮ್ಮ ಶಾಲೆಯ ಹೆಸರು ಅದರಲ್ಲಿತ್ತು. ‘ಶಾಲೆಯ ಮುಂಭಾಗ ಸೂಚನಾ ಫಲಕ ಅಳವಡಿಸಲು ಸೂಚಿಸಲಾಯಿತು.’ ಮುಂದಿನ ಸಭೆ: ‘ಕ್ರಮ ಕೈಗೊಳ್ಳಲಾಗುತ್ತಿದೆ.’ ಅದರ ಮುಂದಿನದು: ‘ಶೀಘ್ರ ಕ್ರಮ ಕೈಗೊಳ್ಳಲು ಮತ್ತೊಮ್ಮೆ ಸೂಚಿಸಲಾಯಿತು.’ ಯಾರಿಗೆ ಸೂಚಿಸಿದ್ದು? ಯಾವ ತಾರೀಖಿನೊಳಗೆ? ಇಲ್ಲ. ನಮ್ಮ ಕಂಪನಿಯಲ್ಲಿ ಒಂದು ದೋಷ ಸಿಕ್ಕರೆ ಅದಕ್ಕೊಂದು ನಂಬರು ಕೊಡುತ್ತೇವೆ. ನಾಲ್ಕು ಕಲಂ ಇರುತ್ತದೆ: ಏನು ಕೆಲಸ, ಯಾರ ಹೊಣೆ, ಎಂದಿಗೆ ಮುಗಿಯಬೇಕು, ಮುಗಿಯಿತೇ. ಇದರಲ್ಲಿ ಒಂದು ಖಾಲಿಯಿದ್ದರೂ ಆ ಕೆಲಸ ಆಗುವುದಿಲ್ಲ ಎಂದೇ ಅರ್ಥ. ಬುದ್ಧಿವಂತಿಕೆ ಏನೂ ಇಲ್ಲ ಇದರಲ್ಲಿ. ಅಂಗಡಿ ಶೆಟ್ಟರ ಸಾಲದ ಪುಸ್ತಕದಲ್ಲೂ ಇರುವುದು ಇದೇ.

ಹಿರಿಯರೇ, ಇಂಥ ಲೆಕ್ಕ ಕೇಳುವುದು ನಮಗೆ ಹೊಸದಲ್ಲ. ಗ್ರಾಮ ಪಂಚಾಯಿತಿಯಲ್ಲಿ ಪ್ರತಿ ವರ್ಷ ಜಮಾಬಂದಿ ನಡೆಯುತ್ತದೆ. ಹಿಂದಿನ ವರ್ಷದ ಲೆಕ್ಕ, ಕಡತ, ಕಾಮಗಾರಿ ಎಲ್ಲವನ್ನೂ ಜನರ ಮುಂದೆ ಇಡಬೇಕು. ಚರಂಡಿ ಮಾಡಿದ್ದೇವೆ ಅಂದರೆ, ಎಲ್ಲಿ ತೋರಿಸಿ ಅಂತ ಹೋಗಿ ನೋಡಬಹುದು. ಎಷ್ಟು ಪಂಚಾಯಿತಿಗಳಲ್ಲಿ ಸರಿಯಾಗಿ ನಡೆಯುತ್ತದೆ ಎಂಬುದು ನಿಮಗೇ ಗೊತ್ತು, ಅದು ಬೇರೆ ಮಾತು. ಒಂದೂವರೆ ಲಕ್ಷದ ಚರಂಡಿಗೆ ಜಮಾಬಂದಿ ಇದೆ. ಉದ್ಯೋಗ ಖಾತ್ರಿಯ ಕೃಷಿಹೊಂಡಕ್ಕೆ ಸಾಮಾಜಿಕ ಲೆಕ್ಕಪರಿಶೋಧನೆ ಇದೆ. ಕೋಟಿಗಟ್ಟಲೆ ಸುರಿದು ಕಟ್ಟಿದ, ನಮ್ಮ ಮಕ್ಕಳು ದಿನಕ್ಕೆ ಎರಡು ಸಲ ದಾಟುವ ಹೆದ್ದಾರಿಯ ಸುರಕ್ಷತೆಗೆ ನಮ್ಮ ಕಣ್ಣೆದುರು ನಡೆಯುವ ಜಮಾಬಂದಿ ಇಲ್ಲ. ಸಮಿತಿ ಇದೆ, ಸಭೆ ಇದೆ, ನಡವಳಿ ಇದೆ. ಅದನ್ನು ಊರಿನ ಮುಂದೆ ಓದುವ ಪದ್ಧತಿ ಇಲ್ಲ. ಇಡೀ ನನ್ನ ಮಾತಿನ ಸಾರ ಇಷ್ಟೇ.

ನಾವಿರುವ ನೆಲವನ್ನೇ ನೋಡಿ. ಬೇಲೂರಿನ ಚೆನ್ನಕೇಶವ ದೇವಾಲಯ 1117ರದು, ಅರಸೀಕೆರೆಯ ಈಶ್ವರ ದೇವಾಲಯ 1220ರ ಹೊತ್ತಿನದು. ಈ ಸೀಮೆಯಲ್ಲಿ ಯಾವ ಗುಡಿಗೆ ಹೋದರೂ ಶಾಸನದ ಕಲ್ಲು. ಹಾಸನ ಜಿಲ್ಲೆಯ ಶಾಸನಗಳಿಗೆಂದೇ ಬಿ.ಎಲ್. ರೈಸ್ 1902ರಲ್ಲಿ ಒಂದು ದಪ್ಪ ಸಂಪುಟ ಹೊರತಂದರು. ಆ ಕಲ್ಲುಗಳಲ್ಲಿ ಏನಿರುತ್ತದೆ? ಯಾರು ಕೊಟ್ಟರು, ಏನು ಕೊಟ್ಟರು, ಯಾವ ದಿನ, ಗಡಿ ಎಲ್ಲಿಂದ ಎಲ್ಲಿಗೆ, ಯಾರು ನಡೆಸಿಕೊಂಡು ಹೋಗಬೇಕು. ಅರಸನ ಪೆಟ್ಟಿಗೆಯಲ್ಲಿ ಇಡಲಿಲ್ಲ, ಬಂದವರೆಲ್ಲ ನೋಡುವ ಜಾಗದಲ್ಲಿ ನಿಲ್ಲಿಸಿದರು. ಕಾಳಗದಲ್ಲಿ, ತುರು ಕಾಯುವಲ್ಲಿ ಸತ್ತವನಿಗೂ ಒಂದು ವೀರಗಲ್ಲು ಇಟ್ಟು, ಯಾಕೆ ಸತ್ತ ಎಂದು ಕೆತ್ತಿದರು. ನಮ್ಮ ಹುಡುಗ ಯಾಕೆ ಸತ್ತ ಎಂದು ಪೂರ್ತಿ ಬರೆದ ಒಂದು ಕಾಗದವೂ ಇಲ್ಲ. 2023ರಲ್ಲಿ ಬೇಲೂರು, ಹಳೇಬೀಡು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು, ಹೆಮ್ಮೆ. ನೋಡಲು ಬರುವ ಬಸ್ಸು ಕಾರುಗಳು ಓಡುವುದು ನಮ್ಮ ಮಕ್ಕಳು ದಾಟುವ ರಸ್ತೆಗಳಲ್ಲೇ.

2022ರ ಅಕ್ಟೋಬರ್ 15ರ ರಾತ್ರಿಯನ್ನು ಇಲ್ಲಿ ಯಾರೂ ಮರೆತಿಲ್ಲ. ಬಾಣಾವರ ಹೋಬಳಿಯ ಗಾಂಧಿನಗರದ ಬಳಿ, ದೇವರ ದರ್ಶನ ಮುಗಿಸಿ ಮನೆಗೆ ಮರಳುತ್ತಿದ್ದವರ ಟೆಂಪೊ ಟ್ರಾವೆಲರ್, ಸಾರಿಗೆ ಬಸ್ಸು ಮತ್ತು ಹಾಲಿನ ಟ್ಯಾಂಕರ್ ನಡುವೆ ಸಿಕ್ಕಿ, ಮಕ್ಕಳೂ ಸೇರಿ 9 ಜನ ಹೋದರು. ಮನೆಗೆ ಇನ್ನೇನು ಸ್ವಲ್ಪ ದೂರ ಇತ್ತು. ದೇಶದ ಪತ್ರಿಕೆಗಳಲ್ಲೆಲ್ಲ ಬಂತು, ಪರಿಹಾರ ಘೋಷಣೆ ಆಯಿತು. ನಾನು ಕೇಳುವುದು ಆಮೇಲಿನದು. ಆ ಅಪಘಾತದಿಂದ ರಸ್ತೆಯ ಬಗ್ಗೆ ಏನು ಕಲಿತರು, ಅಲ್ಲಿ ಏನು ಬದಲಾಯಿಸಿದರು, ಅಂಥದೇ ಬೇರೆ ಜಾಗಗಳಲ್ಲಿ ಏನು ಮಾಡಿದರು, ಇದನ್ನು ಅರಸೀಕೆರೆಯ ಒಬ್ಬ ತಾಯಿ ಎಲ್ಲಿ ಹೋಗಿ ಓದಬೇಕು? ಸತ್ತ ಸುದ್ದಿ ಮುಖಪುಟದಲ್ಲಿ ಬರುತ್ತದೆ. ಸರಿಪಡಿಸಿದ ಸುದ್ದಿಗೂ ಒಂದು ಜಾಗ ಬೇಕಲ್ಲವೇ?

ಈಗ ನಮ್ಮ ತಪ್ಪಿಗೆ ಬರುತ್ತೇನೆ. ಬೇರೆಯವರ ಲೆಕ್ಕ ಕೇಳುವವನು ತನ್ನ ಲೆಕ್ಕವನ್ನೂ ಕೊಡಬೇಕು.

ಒಂದು, ರಾಗಿ. ಇವತ್ತಿಗೂ ಕೊಯ್ಲು ಬಂತೆಂದರೆ ರಾಗಿ, ಹುರುಳಿ ರಸ್ತೆಗೆ ಬೀಳುತ್ತದೆ. ಕಣ ಮಾಡಿ, ರೋಣಗಲ್ಲು ಹೊಡೆಯುವ ಕಾಲ ಹೋಯಿತು, ಆಳು ಸಿಗುವುದಿಲ್ಲ, ನಿಜ. ನಮ್ಮಪ್ಪನೂ ಹರಡಿದ್ದಾನೆ, ನಾನೂ ಮಗುಚಿದ್ದೇನೆ. ಆ ದಿನ ರಸ್ತೆಯಲ್ಲಿದ್ದ ತೆನೆ ಯಾರದ್ದು ಎಂದು ಊರಿಗೇ ಗೊತ್ತಿತ್ತು. ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಪೊಲೀಸರು ಬರೆಯಲಿಲ್ಲ ಅನ್ನುತ್ತೇನೆ. ಬರೆಸಬೇಕಾದವರು ನಾವೂ ಸುಮ್ಮನಿದ್ದೆವು.

ಎರಡು, ಹಂಪು. ಅಪಘಾತ ಆದ ಮಾರನೇ ದಿನ ರಸ್ತೆ ತಡೆ, ಸಂಜೆಗೆ ಹಂಪು. ಅಳತೆಯಿಲ್ಲದೆ, ಬಣ್ಣವಿಲ್ಲದೆ ಮಣ್ಣು ಜಲ್ಲಿ ಸುರಿದು ಮಾಡಿದ ಹಂಪಿಗೆ ರಾತ್ರಿ ಬೈಕಿನವನು ಹಾರಿ ಬೀಳುತ್ತಾನೆ. ಹಂಪಿಗೂ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಅಳತೆ ಇದೆ: 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, ಮುಂದೆ ಎಚ್ಚರಿಕೆಯ ಫಲಕ, ಮೇಲೆ ಬಿಳಿ ಪಟ್ಟೆ. ರಾಷ್ಟ್ರೀಯ ಹೆದ್ದಾರಿಯಲ್ಲಂತೂ ಹಂಪುಗಳನ್ನು ತೆಗೆಯಿರಿ ಎಂದು ಕೇಂದ್ರವೇ 2016ರಲ್ಲಿ ಹೇಳಿದೆ. ಸಿಟ್ಟಿನಲ್ಲಿ ಕೇಳಿದ್ದು ಸಿಟ್ಟಿನಂತೆಯೇ ಸಿಗುತ್ತದೆ. ಕಾಗದದಲ್ಲಿ ಕೇಳಿದ್ದು ತಡವಾಗಿ ಸಿಕ್ಕರೂ ಅಳತೆಯಲ್ಲಿ ಸಿಗುತ್ತದೆ.

ಮೂರು, ನಾನು. ಶನಿವಾರ ಬೆಳಿಗ್ಗೆ ಬೆಂಗಳೂರು ಬಿಟ್ಟರೆ ಊಟಕ್ಕೆ ಮನೆ ಸೇರಬೇಕೆಂಬ ಆತುರ. ಈ ಗೇಟಿನ ಮುಂದೆಯೇ ಎಂಬತ್ತರಲ್ಲಿ ಹೋಗಿದ್ದೇನೆ. ಒಂದು ದಿನ ಒಬ್ಬಳು ಹುಡುಗಿ ಕೈ ಅಡ್ಡ ಹಿಡಿದು, ತಂಗಿಯನ್ನು ಹಿಂದಕ್ಕೆ ಎಳೆದುಕೊಂಡಳು. ಕನ್ನಡಿಯಲ್ಲಿ ಅವಳ ಮುಖ ಕಂಡಿತು. ಪ್ರಬಂಧದಲ್ಲಿ ಲೋಟ ಗೆದ್ದವನು ನಾನೇ.

ಹಾಗಾದರೆ ಮಾಡುವುದೇನು? ನಮ್ಮ ಹಳೆಯ ವಿದ್ಯಾರ್ಥಿ ಸಂಘ ಮೂರು ಕೆಲಸ ಒಪ್ಪಿಕೊಂಡಿದೆ.

ಮೊದಲನೆಯದು, ರಸ್ತೆ ಪುಸ್ತಕ. ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಒಂದು ದಪ್ಪ ರಿಜಿಸ್ಟರ್ ಇಟ್ಟಿದ್ದೇವೆ. ಈ ಅರ್ಧ ಕಿಲೋಮೀಟರಿನಲ್ಲಿ ಆದ ಪ್ರತಿ ಅಪಘಾತ, ಮತ್ತು ಸ್ವಲ್ಪದರಲ್ಲಿ ತಪ್ಪಿದ್ದು ಕೂಡ, ಅದರಲ್ಲಿ ಬರೆಯಬೇಕು. ತಾರೀಖು, ಹೊತ್ತು, ಬೆಳಕು, ರಸ್ತೆ ಹೇಗಿತ್ತು, ರಸ್ತೆ ಮೇಲೆ ಏನಿತ್ತು. ಹೆಸರು ಬೇಡ. ಸರ್ಕಾರದ ಪಟ್ಟಿ ಜನ ಬಿದ್ದ ಮೇಲೆ ಎಣಿಸುತ್ತದೆ. ನಮ್ಮ ಪುಸ್ತಕ ಬೀಳುವ ಮೊದಲೇ ಎಣಿಸಲಿ. ಒಂಬತ್ತನೇ ತರಗತಿಯ ಮಕ್ಕಳು ಸಂಖ್ಯಾಶಾಸ್ತ್ರದ ಪಾಠಕ್ಕೆ ಗೇಟಿನೊಳಗೇ ಕೂತು, ಬೆಳಿಗ್ಗೆ ಒಂದು ಗಂಟೆಯಲ್ಲಿ ಎಷ್ಟು ವಾಹನ ಹೋದವು ಎಂದು ಎಣಿಸಲಿ. ಮೇಷ್ಟ್ರು ಒಪ್ಪಿದ್ದಾರೆ.

ಎರಡನೆಯದು, ವರ್ಷಕ್ಕೊಂದು ಅರ್ಜಿ. 150 ಪದ, 10 ರೂಪಾಯಿ. ಜಿಲ್ಲಾ ಸಮಿತಿಯ ನಡವಳಿ, ಅದರ ಮೇಲೆ ಕೈಗೊಂಡ ಕ್ರಮ. ನಾವು ಕೇಳದೆಯೇ ಅದನ್ನು ಜಿಲ್ಲೆಯ ಜಾಲತಾಣದಲ್ಲಿ ಹಾಕಿ ಎಂದೂ ಮನವಿ ಕೊಟ್ಟಿದ್ದೇವೆ. ಮಾಹಿತಿ ಹಕ್ಕು ಕಾಯ್ದೆಯ ನಾಲ್ಕನೇ ಕಲಂ ಹೇಳುವುದೂ ಅದನ್ನೇ, ಜನ ಕೇಳುವ ಮೊದಲೇ ಪ್ರಕಟಿಸಿ ಎಂದು.

ಮೂರನೆಯದು, ಓದುವುದು. ಬಂದ ಉತ್ತರವನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಬೇಕು, ನಾಲ್ಕು ಕಲಂ ಮಾಡಿ ಪಂಚಾಯಿತಿ ಗೋಡೆಗೆ ಹಚ್ಚಬೇಕು. ಆಗದ್ದನ್ನು ಬರೆಯುವಂತೆ ಆದದ್ದನ್ನೂ ಬರೆಯಬೇಕು. ಒಳ್ಳೆಯ ಕೆಲಸ ಮಾಡಿದ ಅಧಿಕಾರಿಗೂ ಊರಿನ ಗೋಡೆಯ ಮೇಲೆ ಒಂದು ಸಾಲು ಸಿಗಲಿ. ಇದೇ ನಾನು ಹೇಳುವ ಹೆದ್ದಾರಿ ಜಮಾಬಂದಿ. ಇದಕ್ಕೆ ಹೊಸ ಕಾನೂನು ಬೇಕಿಲ್ಲ. ಒಂದು ಪೆನ್ನು, ಒಂದು ಮೈಕು, ಒಂದು ಗೋಡೆ ಸಾಕು.

ಇಲ್ಲಿಯವರೆಗೆ ಆದದ್ದರ ಲೆಕ್ಕ ಕೊಟ್ಟುಬಿಡುತ್ತೇನೆ. ಫಲಕ ಬಂದಿದೆ, ಎರಡೂ ಕಡೆ. ಟಾರಿನ ಅಂಚಿಗೆ ಮಣ್ಣು ತುಂಬಿದ್ದಾರೆ, ಒಂದು ಕಡೆ ಮಾತ್ರ. ಬಿಳಿ ಪಟ್ಟೆ ಹಾಕಿದ್ದರು, ಎರಡು ಮಳೆಗೆ ಮಾಸಿದೆ. ದೀಪದ ಕಂಬ ನಿಂತಿದೆ, ದೀಪ ಉರಿಯುತ್ತಿಲ್ಲ. ಕರೆಂಟ್ ಬಿಲ್ ಯಾರು ಕಟ್ಟಬೇಕು ಎಂಬುದು ತೀರ್ಮಾನವಾಗಿಲ್ಲ. ರಿಜಿಸ್ಟರಿನಲ್ಲಿ ಈವರೆಗೆ ಹನ್ನೊಂದು ಸಾಲು ಇವೆ. ಹನ್ನೊಂದೂ ಸ್ವಲ್ಪದರಲ್ಲಿ ತಪ್ಪಿದವು.

ನನ್ನ ಗೆಳೆಯನ ತಾಯಿ ನಿನ್ನೆ ನನ್ನನ್ನು ಒಂದೇ ಪ್ರಶ್ನೆ ಕೇಳಿದರು: ‘ಆ ಪುಸ್ತಕದಲ್ಲಿ ಹಳೇದನ್ನೂ ಬರೀಬಹುದಾ ಮಗ?’ ಬರೆಯಬಹುದು ಅಂದೆ. ಇವತ್ತು ಬೆಳಿಗ್ಗೆ ಧ್ವಜಾರೋಹಣಕ್ಕೆ ಮೊದಲು ಮುಖ್ಯೋಪಾಧ್ಯಾಯರ ಕೊಠಡಿಗೆ ಹೋಗಿ, ಅವರು ಹೇಳಿದಂತೆ ಮೊದಲ ಪುಟದಲ್ಲಿ ಬರೆದೆ. ಸಂಜೆ, ಮಸುಕು ಬೆಳಕು, ದೀಪವಿಲ್ಲ, ಫಲಕವಿಲ್ಲ, ಎಡಬದಿಗೆ ರಾಗಿ ತೆನೆ, ಟಾರಿನ ಅಂಚು ಅರ್ಧ ಅಡಿ ಎತ್ತರ, ಹಿಂದಿನಿಂದ ಲಾರಿ. ಇಪ್ಪತ್ತು ವರ್ಷ ತಡವಾಗಿ ಅದು ಪೂರ್ತಿ ಬರಹವಾಯಿತು.

ಊಟದ ಹೊತ್ತಾಯಿತು. ಹೊರಡುವಾಗ ಎಲ್ಲರೂ ಆ ರಿಜಿಸ್ಟರ್ ಒಮ್ಮೆ ನೋಡಿ ಹೋಗಿ. ಗಾಡಿಯಲ್ಲಿ ಬಂದವರು ಗೇಟು ದಾಟುವಾಗ ನಿಧಾನ ಹೋಗಿ. ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಈ ಶಾಲೆ ನೂರು ತುಂಬುವಾಗ ನಮ್ಮಲ್ಲಿ ಎಷ್ಟು ಜನ ಇರುತ್ತೇವೋ ಗೊತ್ತಿಲ್ಲ. ಆ ಪುಸ್ತಕ ಇರಲಿ, ಅದರಲ್ಲಿ ಸಾಲುಗಳು ಕಡಿಮೆಯಾಗುತ್ತಾ ಹೋಗಲಿ.